ಹಳೆಯ ಕಾರು, ಹೊಸ ಬ್ರೇಕು

ತಂದೆಯವರು ನನಗೆ ಬಿಟ್ಟುಹೋದ ಆಸ್ತಿ ಎರಡೇ: ಬೀರು ತುಂಬ ಪುಸ್ತಕ, ಮತ್ತು 1968ನೆಯ ಇಸವಿಯ ಒಂದು ಅಂಬಾಸಿಡರ್ ಕಾರು. ಪುಸ್ತಕಗಳು ಸಂಬಳವನ್ನು ತಂದುಕೊಟ್ಟವು. ಆ ಸಂಬಳವನ್ನು ಕಾರು ತಿನ್ನುತ್ತಿದೆ ಎಂಬುದು ನನ್ನ ಮನೆಯವರ ಲೆಕ್ಕ. ಲೆಕ್ಕದಲ್ಲಿ ತಪ್ಪಿಲ್ಲ. ಮೂರು ವರ್ಷಗಳಿಂದ, ಕಾಲೇಜಿಗೆ ರಜೆ ಬಂದಾಗಲೆಲ್ಲ, ನಾನು ಅದರ ಜೀರ್ಣೋದ್ಧಾರದಲ್ಲಿ ತೊಡಗಿದ್ದೇನೆ. ತುಕ್ಕು ಹಿಡಿದ ತಗಡನ್ನು ತೆಗೆಸಿದ್ದಾಯಿತು, 1489 ಸಿ.ಸಿ. ಎಂಜಿನನ್ನು ಬಿಚ್ಚಿ ಕಟ್ಟಿಸಿದ್ದಾಯಿತು. ಅಲ್ಲಿಯವರೆಗೆ ಯಾರ ಆಕ್ಷೇಪವೂ ಇರಲಿಲ್ಲ. ಬ್ರೇಕಿನ ಮಾತು ಬಂದಾಗ ಮಾತ್ರ ಜಗಳ ಹುಟ್ಟಿತು.

ಜಗಳ ತೆಗೆದವರು ನನ್ನ ಮಿತ್ರರೊಬ್ಬರು. ಹಳೆಯ ಕಾರುಗಳ ಪರಮಭಕ್ತರು. ನಾಲ್ಕು ಗಾಲಿಗಳಿಗೂ ಇದ್ದ ಡ್ರಮ್ ಬ್ರೇಕುಗಳಲ್ಲಿ ಮುಂದಿನ ಎರಡನ್ನು ತೆಗೆದು ಡಿಸ್ಕ್ ಬ್ರೇಕು ಹಾಕಿಸುವೆನೆಂದಾಗ ಅವರು ನನ್ನ ಆಯುಧದಿಂದಲೇ ನನ್ನನ್ನು ಹೊಡೆದರು. “ನೀವು ಗ್ರಂಥಸಂಪಾದನೆಯ ಪಾಠ ಹೇಳುವವರು. ಓಲೆಗರಿಯಲ್ಲಿದ್ದ ಕಠಿನ ಪದವನ್ನು ತೆಗೆದು ತನಗೆ ತಿಳಿದ ಸುಲಭ ಪದವನ್ನು ಸೇರಿಸಿದ ಲಿಪಿಕಾರನನ್ನು ವರ್ಷವೆಲ್ಲ ಬಯ್ಯುತ್ತೀರಿ. ಈಗ ನೀವು ಮಾಡಹೊರಟಿರುವುದು ಮತ್ತೇನು?” ಎಂದರು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿ ಬೆಳೆದವನು ನಾನು, ಆ ಹೊತ್ತಿಗೆ ಬಾಯಿ ಕಟ್ಟಿತು. ಡಿಸ್ಕಿನ ಯೋಚನೆಯನ್ನು ಕೈಬಿಟ್ಟು, ಹಳೆಯ ಬ್ರೇಕಿನಲ್ಲಿಯೇ ಕಾರನ್ನು ರಸ್ತೆಗೆ ಇಳಿಸಿದೆ.

ಉತ್ತರ ದೊರೆತದ್ದು ಆಗುಂಬೆಯ ಘಟ್ಟದಲ್ಲಿ. ತಾಯಿ, ಹೆಂಡತಿ, ಇಬ್ಬರು ಮಕ್ಕಳೊಡನೆ ಉಡುಪಿಗೆ ಹೊರಟಿದ್ದೆ. ಹದಿನಾಲ್ಕು ಹಿಮ್ಮುರಿ ತಿರುವುಗಳ ಆ ರಸ್ತೆಯಲ್ಲಿ, ಹಿಂದಿನಿಂದ ಬಸ್ಸೊಂದು ಅವಸರಪಡಿಸುತ್ತಿತ್ತೆಂದು, ಕೆಳಗಿನ ಗೇರಿಗೆ ಇಳಿಯದೆ ಬ್ರೇಕನ್ನೇ ನೆಚ್ಚಿ ಇಳಿದೆ. ಅದು ನನ್ನದೇ ತಪ್ಪು. ಅರ್ಧ ಇಳಿದಿರಬಹುದು, ಸುಟ್ಟ ವಾಸನೆ ಬಂದಿತು. ಮುಂದಿನ ತಿರುವಿನಲ್ಲಿ ಪೆಡಲು ಎಂದಿಗಿಂತ ಕೆಳಗೆ ಇಳಿಯಿತು, ಕಾರು ನಿಲ್ಲಲೊಪ್ಪಲಿಲ್ಲ. ಒಂದನೆಯ ಗೇರಿಗೆ ತಳ್ಳಿ, ಕೈಬ್ರೇಕನ್ನು ಎಳೆದು, ಹೇಗೋ ನಿಲ್ಲಿಸಿದಾಗ, ತಡೆಗೋಡೆಯ ಬಳಿ ಸ್ಕೂಟರು ನಿಲ್ಲಿಸಿಕೊಂಡು ಕೋತಿಗಳನ್ನು ನೋಡುತ್ತಿದ್ದ ದಂಪತಿಗಳಿಗೂ ನಮಗೂ ಒಂದು ಮಾರು ಅಂತರ. ಆ ಹೆಂಗಸು ಮಗುವನ್ನು ಎದೆಗವುಚಿಕೊಂಡು ನನ್ನನ್ನು ನೋಡಿದರು. ಬಯ್ಯಲಿಲ್ಲ. ಬಯ್ದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆನೇನೋ.

ಆದುದೇನು? ಓಡುವ ಗಾಡಿಯ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸಿ ಗಾಳಿಗೆ ಬಿಡುವುದೇ ಬ್ರೇಕಿನ ಕೆಲಸ. ವೇಗ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುತ್ತದೆ. ಘಟ್ಟದಲ್ಲಿ ವೇಗ ಕಡಮೆಯಿದ್ದರೂ, ಬ್ರೇಕನ್ನೇ ನೆಚ್ಚಿದರೆ, ಬೆಟ್ಟದ ಎತ್ತರವೆಲ್ಲ ಶಾಖವಾಗಿ ಅದರೊಳಗೆ ಸೇರಬೇಕು. ಡ್ರಮ್ಮೆಂಬುದು ಮುಚ್ಚಿದ ಪಾತ್ರೆ. ಒಳಗಿನ ಷೂಗಳು ಅದರ ಗೋಡೆಗೆ ಉಜ್ಜಿ ಕಾವು ಏರಿದಂತೆ ಡ್ರಮ್ಮು ಹಿಗ್ಗಿ ಷೂಗಳಿಂದ ದೂರ ಸರಿಯುತ್ತದೆ; ಷೂಗಳ ಮೈಪಟ್ಟಿಯೂ ಹಿಡಿತವನ್ನು ಕಳೆದುಕೊಳ್ಳುತ್ತದೆ. ಡಿಸ್ಕಾದರೋ ಗಾಳಿಗೆ ತೆರೆದ ಬಿಲ್ಲೆ. ಬೇಗ ತಣಿಯುತ್ತದೆ, ಹಿಗ್ಗಿದರೆ ಪ್ಯಾಡುಗಳ ಕಡೆಗೇ ಹಿಗ್ಗುತ್ತದೆ. ಅದಲ್ಲದೆ ನನ್ನ ಕಾರಿನ ಮಾಸ್ಟರ್ ಸಿಲಿಂಡರು ಏಕಮಾರ್ಗದ್ದು. ಎಲ್ಲಿಯಾದರೂ ಒಂದು ಕೊಳವೆ ಸೋರಿದರೆ ನಾಲ್ಕು ಗಾಲಿಗಳ ಬ್ರೇಕೂ ಒಟ್ಟಿಗೆ ಹೋದಂತೆ.

ಡಿಸ್ಕು ನಿನ್ನೆ ಮೊನ್ನೆಯ ಫ್ಯಾಷನ್ನೂ ಅಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಅದಕ್ಕೆ ಪೇಟೆಂಟು ಪಡೆದಿದ್ದನು. 1953ರಲ್ಲಿ ಲ ಮಾನ್ ಪಂದ್ಯವನ್ನು ಗೆದ್ದ ಜಾಗ್ವಾರ್ ಕಾರಿಗೆ ಡಿಸ್ಕಿತ್ತು; 1955ರ ಸಿತ್ರೋಎನ್ ಡಿ.ಎಸ್. ಕಾರಿನ ಮುಂದಿನ ಗಾಲಿಗಳಿಗೂ ಇತ್ತು. ಅಂದರೆ, ನಮ್ಮ ಅಂಬಾಸಿಡರು ಉತ್ತರಪಾರಾದ ಕಾರ್ಖಾನೆಯಿಂದ ಹೊರಬೀಳುವ ಮೊದಲೇ ಡಿಸ್ಕು ಬಂದಾಗಿತ್ತು. 2014ರಲ್ಲಿ ತಯಾರಿಕೆ ನಿಲ್ಲುವ ಮೊದಲು, ಕೊನೆಯ ದಶಕಗಳ ಕೆಲವು ಮಾದರಿಗಳಿಗೆ ಆ ಕಾರ್ಖಾನೆಯೇ ಮುಂದುಗಡೆ ಡಿಸ್ಕನ್ನು ಅಳವಡಿಸಿತು. ಮಿತ್ರರಿಗೆ ನಾನು ಕೊಟ್ಟ ಮೊದಲನೆಯ ಉತ್ತರ ಇದು: ಇದು ಲಿಪಿಕಾರನ ಸ್ವೇಚ್ಛೆಯಲ್ಲ; ಕವಿಯೇ ತಿದ್ದಿದ ಎರಡನೆಯ ಮುದ್ರಣ.

ಎರಡನೆಯ ಉತ್ತರವೇ ಮುಖ್ಯವಾದುದು. ಓಲೆಗರಿಯ ಗ್ರಂಥ ತಪ್ಪುಪಾಠದಿಂದ ಯಾರ ಮೈಮೇಲೂ ಹರಿಯುವುದಿಲ್ಲ. ಕಾರು ರಸ್ತೆಯಲ್ಲಿ ಓಡುವ ವಸ್ತು. ಆ ರಸ್ತೆಯಲ್ಲಿ ನನ್ನ ಪ್ರಾಚೀನ ಪ್ರೇಮವನ್ನು ಹಂಚಿಕೊಳ್ಳದ ಜನರೂ ಇದ್ದಾರೆ. 1968ರಲ್ಲಿ ಮುಂದಿನ ವಾಹನವೂ ಡ್ರಮ್ಮಿನಿಂದಲೇ ನಿಧಾನವಾಗಿ ನಿಲ್ಲುತ್ತಿತ್ತು. ಇಂದು ಅದು ನನಗಿಂತ ಬಹು ಬೇಗ ನಿಲ್ಲುತ್ತದೆ. ಮೂಲನಿಷ್ಠೆಯ ಸುಖ ನನ್ನದು, ಅದರ ಬೆಲೆ ಸ್ಕೂಟರಿನ ಮೇಲಿನ ಮಗುವಿನದು ಎಂದಾಗಬಾರದು.

ಮಿತ್ರರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಪ್ರದರ್ಶನಕ್ಕೆ ಮಾತ್ರ ಹೊರಡುವ ಕಾರಿಗೆ ಡ್ರಮ್ಮೇ ಶೋಭೆ. ಐವತ್ತು ವರ್ಷ ಮೀರಿದ ವಿಂಟೇಜ್ ವಾಹನಗಳಿಗಾಗಿ 2021ರಲ್ಲಿ ಬಂದ ಕೇಂದ್ರದ ನಿಯಮವೂ ಚಾಸಿ, ಮೈಕಟ್ಟು, ಎಂಜಿನುಗಳು ಮೂಲರೂಪದಲ್ಲಿರಬೇಕೆಂದು ಹೇಳಿ, ಅಂಥ ಕಾರುಗಳನ್ನು ದಿನಬಳಕೆಯಿಂದ ದೂರವಿಟ್ಟಿದೆ. ಡ್ರಮ್ಮನ್ನು ದೂರುವವರಲ್ಲಿ ಅನೇಕರು ಅದನ್ನು ನೆಟ್ಟಗೆ ಇಟ್ಟುಕೊಂಡವರಲ್ಲವೆಂಬುದೂ ನಿಜ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರಿ, ಕಡಮೆ ಕಾವಿಗೇ ಕುದಿಯುವಂತಾಗುತ್ತದೆ. ಅದನ್ನು ಕಾಲಕಾಲಕ್ಕೆ ಬದಲಿಸದವನಿಗೆ ಡಿಸ್ಕೂ ರಕ್ಷೆಯಲ್ಲ.

ಆದರೆ ಮಾಡುವುದಾದರೆ ಅರೆಮನಸ್ಸಿನಿಂದ ಮಾಡಬಾರದು. ಡ್ರಮ್ಮಿಗಾಗಿ ಮಾಡಿದ ಹಳೆಯ ಮಾಸ್ಟರ್ ಸಿಲಿಂಡರು ಕೊಳವೆಯಲ್ಲಿ ಸ್ವಲ್ಪ ಒತ್ತಡವನ್ನು ಸದಾ ಉಳಿಸುತ್ತದೆ. ಅದನ್ನೇ ಡಿಸ್ಕಿಗೆ ಜೋಡಿಸಿದರೆ ಪ್ಯಾಡುಗಳು ಬಿಡದೆ ಕಚ್ಚಿಕೊಂಡಿರುತ್ತವೆ. ಡ್ರಮ್ಮಿನ ಷೂವನ್ನು ಗಾಲಿಯ ಸುತ್ತೇ ಒಳಕ್ಕೆ ಎಳೆದುಕೊಂಡು ಕಾಲಿಗೆ ನೆರವಾಗುತ್ತದೆ. ಡಿಸ್ಕಿನಲ್ಲಿ ಆ ನೆರವಿಲ್ಲ. ಆದುದರಿಂದ ಎಂಜಿನಿನ ನಿರ್ವಾತದಿಂದ ನಡೆಯುವ ಸರ್ವೋ ಬೇಕು. ಇಳಿಜಾರಿನಲ್ಲಿ ಎಂಜಿನು ಆರಿಸಿ ಪೆಟ್ರೋಲು ಉಳಿಸುವ ಹಿರಿಯರ ಅಭ್ಯಾಸ ಇಲ್ಲಿ ಅಪಾಯಕರ. ಒಂದೆರಡು ಸಲ ತುಳಿಯುವಷ್ಟರಲ್ಲಿ ಸರ್ವೋವಿನ ಬಲ ತೀರಿಹೋಗುತ್ತದೆ. ನಮ್ಮ ಮೇಸ್ತ್ರಿ ದ್ವಿಮಾರ್ಗದ ಮಾಸ್ಟರ್ ಸಿಲಿಂಡರು, ಸರ್ವೋ, ಈಚಿನ ಅಂಬಾಸಿಡರೊಂದರ ಮುಂದಿನ ಡಿಸ್ಕುಗಳು, ಇವಿಷ್ಟನ್ನೂ ಒಟ್ಟಿಗೆ ಜೋಡಿಸಿದನು. ಹಿಂದಿನ ಡ್ರಮ್ಮುಗಳು ಹಾಗೆಯೇ ಇವೆ. ಅವುಗಳ ಹಳೆಯ ಪಟ್ಟಿಯಲ್ಲಿ ಶ್ವಾಸಕೋಶಕ್ಕೆ ವಿಷವಾದ ಕಲ್ನಾರು ಇರಬಹುದೆಂದು, ಧೂಳನ್ನು ಗಾಳಿಯಿಂದ ಊದದೆ ಒದ್ದೆಬಟ್ಟೆಯಿಂದ ಒರೆಸಿ, ಕಲ್ನಾರಿಲ್ಲದ ಹೊಸ ಪಟ್ಟಿ ಹಾಕಿಸಿದೆ.

ತೆಗೆದ ಭಾಗಗಳನ್ನು ಎಣ್ಣೆ ಸವರಿ, ಚೀಟಿ ಅಂಟಿಸಿ, ತಂದೆಯವರ ಬೀರುವಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದೇನೆ. ಚಾಸಿಗೆ ಒಂದು ರಂಧ್ರವನ್ನೂ ಕೊರೆಸಿಲ್ಲ. ನನ್ನ ಮಕ್ಕಳು ಬೇಕೆಂದರೆ ಎಲ್ಲವನ್ನೂ ಮೊದಲಿನಂತೆ ಮಾಡಬಹುದು. ಸಂಪಾದಕನು ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಉಳಿಸುವಂತೆ ಇದು ಎಂದಾಗ ಮಿತ್ರರು ನಕ್ಕರು, ಒಪ್ಪಿದರೆಂದು ಹೇಳಲಾರೆ.

ಹಳೆಯ ಕಾರನ್ನು ಎತ್ತಿ ನಿಲ್ಲಿಸುತ್ತಿರುವ ವಾಚಕರಲ್ಲಿ ನನ್ನದೊಂದೇ ಬಿನ್ನಹ: ಬಣ್ಣಕ್ಕೆ ಮೊದಲು ಬ್ರೇಕು. ಕಳೆದ ರಜೆಯಲ್ಲಿ ಆಗುಂಬೆಯನ್ನು ಮತ್ತೆ ಇಳಿದೆ. ಡಿಸ್ಕಿದ್ದರೂ ಎರಡನೆಯ ಗೇರಿನಲ್ಲಿಯೇ ಇಳಿದೆ. ಬಸ್ಸು ಹಿಂದಿನಿಂದ ಹಾರನ್ನು ಹೊಡೆಯುತ್ತಲೇ ಇತ್ತು.