ಕಟ್ಟದೇ ಉಳಿದ ಸ್ಥಾವರದ ಲೆಕ್ಕವೂ ಬೇಕು

ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಅವರು 2019ರಿಂದ 2024ರವರೆಗೆ ಕೇಂದ್ರದಲ್ಲಿ ಕಲ್ಲಿದ್ದಲು ಸಚಿವರಾಗಿದ್ದರು. 2030ರ ಹೊತ್ತಿಗೆ 10 ಕೋಟಿ ಟನ್ ಕಲ್ಲಿದ್ದಲನ್ನು ಅನಿಲವಾಗಿಸುವ ಗುರಿಗೆ ಒತ್ತು ಸಿಕ್ಕಿದ್ದು ಅವರ ಕಾಲದಲ್ಲಿ. ಅದಕ್ಕಾಗಿ ₹8,500 ಕೋಟಿ ನೆರವಿಗೆ ಸಂಪುಟ ಒಪ್ಪಿದ್ದು 2024ರ ಜನವರಿಯಲ್ಲಿ. ಕಲ್ಲಿದ್ದಲು ಗಣಿಯೇ ಇಲ್ಲದ ರಾಜ್ಯದ ಹುಬ್ಬಳ್ಳಿ–ಧಾರವಾಡಕ್ಕೆ ಇದು ದೂರದ ಮಾತು ಎನಿಸಬಹುದು. ಆದರೆ ರಾಯಚೂರು, ಬಳ್ಳಾರಿಯಲ್ಲಿ ಉರಿಯುವ ಕಲ್ಲಿದ್ದಲು ಹೊರಗಿನಿಂದಲೇ ಬರುತ್ತದೆ. ಅದರ ಬೆಲೆ ಹೆಸ್ಕಾಂ ಬಿಲ್ಲಿಗೂ ತಟ್ಟುತ್ತದೆ. ₹8,500 ಕೋಟಿಯಲ್ಲಿ ನಮ್ಮ ತೆರಿಗೆಯೂ ಇದೆ.

ಕಲ್ಲಿದ್ದಲನ್ನು ಅನಿಲವಾಗಿಸಿ ವಿದ್ಯುತ್ತು ತೆಗೆಯುವ ಕನಸು ಹೊಸದಲ್ಲ. ಬಿಎಚ್‌ಇಎಲ್ ಸಂಸ್ಥೆ ತಿರುಚಿರಾಪಳ್ಳಿಯಲ್ಲಿ 1980ರ ದಶಕದಲ್ಲೇ 6.2 ಮೆಗಾವಾಟ್‌ನ ಪ್ರಾಯೋಗಿಕ ಘಟಕ ಕಟ್ಟಿತ್ತು. ಅದನ್ನೇ ದೊಡ್ಡದಾಗಿಸಿ, ಆಂಧ್ರಪ್ರದೇಶದ ವಿದ್ಯುತ್ ಉತ್ಪಾದನಾ ಸಂಸ್ಥೆ ಜೆನ್ಕೊ ಜತೆಗೂಡಿ ವಿಜಯವಾಡದಲ್ಲಿ 125 ಮೆಗಾವಾಟ್ ಸ್ಥಾವರ ಕಟ್ಟುವುದೆಂದು ಮಾತಾಯಿತು. ಮುಂದೆ ಅದು 182 ಮೆಗಾವಾಟ್ ಆಯಿತು, ಕಾಗದದ ಮೇಲೆ. ಸ್ಥಾವರ ಏಳಲೇ ಇಲ್ಲ.

ಇಲ್ಲಿ ಬೂದಿಯ ಬಗ್ಗೆ ಸ್ವಲ್ಪ ಹೇಳಬೇಕು. ಕಲ್ಲಿದ್ದಲಿಗೆ ಪೂರ್ತಿ ಉರಿಯುವಷ್ಟು ಆಮ್ಲಜನಕ ಕೊಡದೆ ಹಬೆ ಹಾಯಿಸಿದರೆ ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕದ ಮಿಶ್ರಣ ಬರುತ್ತದೆ. ಅದನ್ನು ಶುದ್ಧಗೊಳಿಸಿ ಟರ್ಬೈನ್‌ನಲ್ಲಿ ಉರಿಸಿದರೆ ವಿದ್ಯುತ್ತು. ನಮ್ಮ ಕಲ್ಲಿದ್ದಲಿನಲ್ಲಿ ಬೂದಿಯೇ ಶೇ 30ರಿಂದ 45. ಹಲವು ವಿದೇಶಿ ಯಂತ್ರಗಳು 1,400 ಡಿಗ್ರಿ ಸೆಲ್ಸಿಯಸ್‌ ಆಚೆಗೆ ಕಾದು ಬೂದಿಯನ್ನು ಕರಗಿಸಿ ಕಿಟ್ಟವಾಗಿ ಹೊರಹಾಕುತ್ತವೆ. ನಮ್ಮ ಕಲ್ಲಿದ್ದಲು ಹಾಕಿದರೆ ಕಲ್ಲು ಕರಗಿಸುವುದಕ್ಕೇ ಶಾಖ ಪೋಲು. ತಿರುಚಿರಾಪಳ್ಳಿಯ ವಿಧಾನದಲ್ಲಿ ಉಷ್ಣತೆಯನ್ನು ಸುಮಾರು ಸಾವಿರ ಡಿಗ್ರಿಯ ಆಸುಪಾಸಿನಲ್ಲೇ ಹಿಡಿದಿಡಬೇಕು. ಏರಿದರೆ ಬೂದಿ ಮೆತ್ತಗಾಗಿ ಗಂಟು ಕಟ್ಟುತ್ತದೆ, ಇಳಿದರೆ ಇಂಗಾಲ ಬೂದಿಯೊಂದಿಗೇ ಹೊರಬೀಳುತ್ತದೆ. ಸಣ್ಣ ಘಟಕದಲ್ಲಿ ಕೈಹತ್ತಿದ ಈ ಸಮತೋಲ ಹಲವು ಪಟ್ಟು ದೊಡ್ಡ ಯಂತ್ರದಲ್ಲಿ ಎಷ್ಟು ದುಬಾರಿ ಎಂಬುದೇ ನಿಜವಾದ ಪ್ರಶ್ನೆ.

ಕಲ್ಲಿದ್ದಲನ್ನು ಅನಿಲವಾಗಿಸಿ ವಿದ್ಯುತ್ತು ತೆಗೆಯಲು ಹೊರಟ ಅಮೆರಿಕದ ಮಿಸಿಸಿಪ್ಪಿಯ ಕೆಂಪರ್ ಸ್ಥಾವರದ ವೆಚ್ಚ ಏರುತ್ತಾ 750 ಕೋಟಿ ಡಾಲರ್ ತಲುಪಿತು. 2017ರಲ್ಲಿ ಕಲ್ಲಿದ್ದಲು ಬಿಟ್ಟು ನೈಸರ್ಗಿಕ ಅನಿಲಕ್ಕೆ ಹೊರಳಿದರು, 2021ರಲ್ಲಿ ಅನಿಲೀಕರಣದ ಗೋಪುರಗಳನ್ನೇ ಉರುಳಿಸಿದರು. ಆದರೆ ಅಲ್ಲಿ ರಾಜ್ಯದ ನಿಯಂತ್ರಣ ಆಯೋಗದ ಮುಂದೆ ಲೆಕ್ಕ ಬಿಚ್ಚಬೇಕಾಯಿತು. ನಷ್ಟದ ಬಹುಪಾಲು ಷೇರುದಾರರ ಮೇಲೆ ಬಿತ್ತು, ಗ್ರಾಹಕರ ಮೇಲಲ್ಲ. ನನಗೆ ಮೆಚ್ಚುಗೆಯಾಗುವುದು ಈ ಲೆಕ್ಕದ ಶಿಸ್ತು.

ನಮ್ಮಲ್ಲಿ ಗುರಿಯೇ ಸದ್ದಿಲ್ಲದೆ ಬದಲಾಗಿದೆ. ಹೊಸ ನೆರವು ಹೋಗುತ್ತಿರುವುದು ವಿದ್ಯುತ್ತಿಗಲ್ಲ, ಅಮೋನಿಯಂ ನೈಟ್ರೇಟ್, ಕೃತಕ ನೈಸರ್ಗಿಕ ಅನಿಲದಂಥ ಉತ್ಪನ್ನಗಳಿಗೆ. ಸೌರ ವಿದ್ಯುತ್ತು ಅಗ್ಗವಾಗಿರುವಾಗ ಇದು ತಪ್ಪು ನಡೆಯಲ್ಲ. ಆದರೆ ಒಡಿಶಾದ ಲಖನ್‌ಪುರದಲ್ಲಿ ಕೋಲ್ ಇಂಡಿಯಾ ಜತೆ ಬಿಎಚ್‌ಇಎಲ್ ಕಟ್ಟಹೊರಟಿರುವ ಅಮೋನಿಯಂ ನೈಟ್ರೇಟ್ ಕಾರ್ಖಾನೆಯ ಒಡಲಲ್ಲಿರುವುದು ಬಿಎಚ್‌ಇಎಲ್‌ನದೇ ಅನಿಲೀಕರಣ ತಂತ್ರ. ವಿಜಯವಾಡದ ಯೋಜನೆ ನಿಂತುಹೋದದ್ದು ಬೂದಿಗಾಗಿಯೋ, ಬೆಲೆಗಾಗಿಯೋ, ಹಣ ಹಾಕುವವರಿಲ್ಲದೆಯೋ? ಅದುವರೆಗೆ ಆದ ಖರ್ಚೆಷ್ಟು? ಲಖನ್‌ಪುರಕ್ಕೆ ಇನ್ನಷ್ಟು ಹಣ ಸುರಿಯುವ ಮುನ್ನ ಈ ಲೆಕ್ಕ ಸಂಸತ್ತಿನ ಮೇಜಿಗೆ ಬರಬೇಕು. ಜೋಶಿ ಅವರು ಈಗ ನವೀಕರಿಸಬಹುದಾದ ಇಂಧನ ಖಾತೆಯಲ್ಲಿದ್ದಾರೆ. ಎರಡೂ ಬದಿಯನ್ನು ಬಲ್ಲ ಅವರಿಂದ ಈ ಉತ್ತರ ಕೇಳುವ ಹಕ್ಕು ಹುಬ್ಬಳ್ಳಿ–ಧಾರವಾಡದ ಮತದಾರರಿಗಿದೆ.