ಕಲ್ಲಿನ ಕಂಬಗಳ ನಡುಗಡ್ಡೆ

ಸೋದರಿಯರೇ, ನಮ್ಮ ಸತ್ತೂರ, ಧಾರವಾಡದ ಕಡೆಯಿಂದ ಕೃಷ್ಣನ ದರ್ಶನಕ್ಕೆಂದು ಉಡುಪಿಗೆ ಹೋಗುವವರು ಬಹಳ. ಮಠದಲ್ಲಿ ಊಟ ಮುಗಿಸಿ ತಿರುಗಿ ಬಸ್ಸು ಹತ್ತಿಬಿಡುತ್ತೇವೆ. ಈ ಸಲ ಅರ್ಧ ದಿನ ಹೆಚ್ಚಿಗೆ ಇಟ್ಟುಕೊಳ್ಳಿರಿ. ಹತ್ತಿರದ ಮಲ್ಪೆಯಿಂದ ದೋಣಿ ಹತ್ತಿದರೆ ಸುಮಾರು ಅರ್ಧ ತಾಸಿಗೆ ಸೇಂಟ್ ಮೇರಿಸ್ ದ್ವೀಪ.

ತೆಂಗಿನ ಮರಗಳು, ಚಿಪ್ಪು ತುಂಬಿದ ದಂಡೆ, ಅಲ್ಲಿಯೇ ಯಾರೋ ಕಡೆದು ನಿಲ್ಲಿಸಿದಂಥ ಕಲ್ಲಿನ ಕಂಬಗಳು! ಒಂದಕ್ಕೆ ಐದು ಮೂಲೆ, ಇನ್ನೊಂದಕ್ಕೆ ಆರು. ಕಡೆದವರು ಯಾರೂ ಅಲ್ಲ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲಕ್ಕೆ, ಉಕ್ಕಿಬಂದ ಲಾವಾರಸ ಆರುತ್ತ ಆರುತ್ತ ಬಿರಿಯಿತು. ಬೇಸಿಗೆಯಲ್ಲಿ ನಮ್ಮ ಎರಿಹೊಲ ಬಿರಿಯುವುದಿಲ್ಲವೇ, ಹಾಗೆ. ಇಂದು ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಆದರೆ ಎಚ್ಚರಿಕೆ ಬೇಕು. ಪಾಚಿಗಟ್ಟಿದ ಬಂಡೆ ಜಾರುತ್ತದೆ. ಫೋಟೋ ತೆಗೆಸಿಕೊಳ್ಳಲು ಅಂಚಿಗೆ ಹೋಗಿ, ಅಲೆಗೆ ಸಿಕ್ಕು ಜೀವ ಕಳೆದುಕೊಂಡವರಿದ್ದಾರೆ. ಮಕ್ಕಳ ಕೈ ಬಿಡಬೇಡಿರಿ. ಹಗ್ಗ ಕಟ್ಟಿದಲ್ಲಿ, ಕಾವಲುಗಾರರು ಬೇಡವೆಂದಲ್ಲಿ ನೀರಿಗೆ ಇಳಿಯಬೇಡಿರಿ. ಮಳೆಗಾಲದಲ್ಲಿ ಕಡಲು ಒರಟು, ದೋಣಿ ಬಿಡುವುದಿಲ್ಲ. ಡಿಸೆಂಬರ್, ಜನವರಿ ಒಳ್ಳೆಯ ಕಾಲ.

ನೆರಳು ಕಡಿಮೆ, ಟೊಪ್ಪಿಗೆ ಇರಲಿ. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯನ್ನು ಮಲ್ಪೆಯಲ್ಲೇ ಬಿಚ್ಚಿ ಮುಗಿಸಿರಿ. ಪ್ಲಾಸ್ಟಿಕ್ ಚೀಲ ಒಯ್ಯಬೇಡಿರಿ. ಚಿಪ್ಪು ಕಂಡರೆ ಮಕ್ಕಳು ಕಿಸೆ ತುಂಬಿಕೊಳ್ಳುತ್ತಾರೆ. ಖಾಲಿ ಚಿಪ್ಪಿನಲ್ಲಿ ಮನೆ ಮಾಡುವ ಏಡಿಗಳೂ ಇವೆ ಎಂದು ತಿಳಿಸಿ ಹೇಳಿರಿ. ಇನ್ನೊಬ್ಬರ ಮನೆ ಎಂದರೆ ಮಕ್ಕಳು ತಾವಾಗಿಯೇ ಕೆಳಗಿಡುತ್ತಾರೆ.