ದುಬಾರಿ ಕೇಬಲ್ ಹಾಕಿದರೆ ಹಾಡು ಇನ್ನೂ ಚೆನ್ನಾಗಿ ಕೇಳಿಸುತ್ತದೆಯೇ?

ಮನೆಗೆ ಸ್ಟೀರಿಯೋ ಕೊಳ್ಳಲು ಹೋದವರು ಆಂಪ್ಲಿಫೈಯರ್, ಸ್ಪೀಕರ್ ಎರಡನ್ನೂ ಆರಿಸಿದ ಮೇಲೆ ಕೊನೆಗೊಂದು ಪ್ರಶ್ನೆ ಎದುರಾಗುತ್ತದೆ: "ಇಷ್ಟು ಒಳ್ಳೆಯ ಸ್ಪೀಕರ್‌ಗೆ ಮಾಮೂಲಿ ವೈರ್ ಹಾಕುತ್ತೀರಾ?" ಅದರ ಹಿಂದೆಯೇ ಆಮ್ಲಜನಕರಹಿತ ತಾಮ್ರ, ಬೆಳ್ಳಿಯ ಲೇಪ, ಚಿನ್ನದ ತುದಿ ಎಂಬ ವಿವರಣೆಗಳು ಬರುತ್ತವೆ. ವ್ಯತ್ಯಾಸ ಗೊತ್ತಾಗುತ್ತಿಲ್ಲ ಎಂದರೆ "ನಿಮ್ಮ ಕಿವಿ ಇನ್ನೂ ಪಳಗಿಲ್ಲ" ಎಂಬ ಉತ್ತರ ಸಿಗುತ್ತದೆ. ಈ ಮಾತಿಗೆ ಸಂಕೋಚಪಟ್ಟೇ ಎಷ್ಟೋ ಜನ ಸಾವಿರಾರು ರೂಪಾಯಿ ತೆರುತ್ತಾರೆ. ಆ ಹಣಕ್ಕೆ ತಕ್ಕ ಫಲ ಇದೆಯೇ ಎಂದು ನೋಡೋಣ.

ಲೆಕ್ಕ ಏನು ಹೇಳುತ್ತದೆ?

ಆಂಪ್ಲಿಫೈಯರ್‌ನಿಂದ ಬರುವ ವಿದ್ಯುತ್ ಸಂಕೇತವನ್ನು ಸ್ಪೀಕರ್‌ಗೆ ತಲುಪಿಸುವುದಷ್ಟೇ ಕೇಬಲ್‌ನ ಕೆಲಸ. ದಾರಿಯಲ್ಲಿ ತಂತಿ ಒಡ್ಡುವ ಅಡ್ಡಿಯನ್ನು ರೋಧ ಎನ್ನುತ್ತೇವೆ. ಅದನ್ನು ಓಮ್‌ಗಳಲ್ಲಿ ಅಳೆಯುತ್ತೇವೆ. ತಂತಿ ಉದ್ದವಾದಷ್ಟೂ ರೋಧ ಹೆಚ್ಚು, ದಪ್ಪವಾದಷ್ಟೂ ಕಡಿಮೆ.

ಎಲೆಕ್ಟ್ರಿಕಲ್ ಅಂಗಡಿಯಲ್ಲಿ "ಒಂದೂವರೆ ಸ್ಕ್ವೇರ್ ಎಂಎಂ" ಎಂದು ಕೇಳಿದರೆ ಸಿಗುವ ತಾಮ್ರದ ತಂತಿಯನ್ನೇ ತೆಗೆದುಕೊಳ್ಳಿ. ಸ್ಪೀಕರ್ 5 ಮೀಟರ್ ದೂರದಲ್ಲಿದ್ದರೆ ಹೋಗಿ ಬರುವ ದಾರಿ 10 ಮೀಟರ್. ಇದರ ರೋಧ ಸುಮಾರು 0.12 ಓಮ್. ಸ್ಪೀಕರ್ 8 ಓಮ್‌ನದಾದರೆ ಸದ್ದಿನಲ್ಲಾಗುವ ಇಳಿಕೆ ಸುಮಾರು 0.12 ಡೆಸಿಬೆಲ್. ಹಾಡು ಕೇಳುವಾಗ ಸದ್ದು ಏರಿತು ಅಥವಾ ಇಳಿಯಿತು ಎಂದು ಗೊತ್ತಾಗಲು ಸಾಮಾನ್ಯವಾಗಿ 1 ಡೆಸಿಬೆಲ್‌ನಷ್ಟಾದರೂ ಬದಲಾವಣೆ ಬೇಕು. ಅಂದರೆ ಮಾಮೂಲಿ ತಂತಿಯಲ್ಲೇ ನಷ್ಟ ನಗಣ್ಯ. ಇದಕ್ಕಿಂತ ದುಬಾರಿ ಕೇಬಲ್ ಉಳಿಸಿಕೊಡಲು ಅಲ್ಲಿ ಹೆಚ್ಚೇನೂ ಉಳಿದಿಲ್ಲ.

ಇನ್ನು ಲೋಹದ ವಿಚಾರ. ಬೆಳ್ಳಿ ತಾಮ್ರಕ್ಕಿಂತ ಒಳ್ಳೆಯ ವಾಹಕ ಎಂಬುದು ನಿಜ, ಆದರೆ ಆ ಅನುಕೂಲ ಶೇ 6ರ ಆಸುಪಾಸಿನದು. ತಾಮ್ರದ ತಂತಿಯನ್ನೇ ಸ್ವಲ್ಪ ದಪ್ಪದ್ದು ತಂದರೆ ಅದೇ ಫಲ ಸಿಗುತ್ತದೆ. ಆಮ್ಲಜನಕರಹಿತ ತಾಮ್ರಕ್ಕೂ ಮಾಮೂಲಿ ವಿದ್ಯುತ್ ತಾಮ್ರಕ್ಕೂ ವಾಹಕತೆಯಲ್ಲಿರುವ ಅಂತರ ಶೇ 1ರಷ್ಟು. ಚಿನ್ನವಂತೂ ತಾಮ್ರಕ್ಕಿಂತ ಕಡಿಮೆ ವಾಹಕ! ತುದಿಗಳಿಗೆ ಅದನ್ನು ಲೇಪಿಸುವುದು ಕಿಲುಬು ಹಿಡಿಯದಿರಲಿ ಎಂದೇ ಹೊರತು ಸ್ವರ ಇಂಪಾಗಲೆಂದಲ್ಲ.

ಕಿವಿಯ ಪರೀಕ್ಷೆಯಲ್ಲಿ ಏನಾಯಿತು?

"ಲೆಕ್ಕ ಬೇರೆ, ಕಿವಿ ಬೇರೆ" ಎನ್ನುವವರಿದ್ದಾರೆ. ಅದನ್ನೂ ಪರೀಕ್ಷಿಸಲಾಗಿದೆ. 1983ರಲ್ಲಿ ಅಮೆರಿಕದ 'ಸ್ಟೀರಿಯೋ ರಿವ್ಯೂ' ಪತ್ರಿಕೆಯಲ್ಲಿ ಲಾರೆನ್ಸ್ ಗ್ರೀನ್‌ಹಿಲ್ ಇಂಥದೊಂದು ಪರೀಕ್ಷೆಯ ವರದಿ ಪ್ರಕಟಿಸಿದರು. ಯಾವ ಕೇಬಲ್ ನುಡಿಯುತ್ತಿದೆ ಎಂದು ಕೇಳುಗರಿಗೆ ತಿಳಿಸಿರಲಿಲ್ಲ. ತೀರಾ ತೆಳುವಾದ ತಂತಿಯನ್ನು ಪರೀಕ್ಷೆಗೆಂದೇ ಬಳಸುವ ಸದ್ದಿನಲ್ಲಿ ಅವರು ಗುರುತಿಸಿದರು. ಆದರೆ ಸಂಗೀತ ಕೇಳುವಾಗ, ದಪ್ಪನೆಯ ಮಾಮೂಲಿ ತಂತಿಗೂ ಹೆಸರಾಂತ ವಿಶೇಷ ಕೇಬಲ್‌ಗೂ ಇರುವ ವ್ಯತ್ಯಾಸವನ್ನು ನಂಬುವ ಮಟ್ಟಿಗೆ ಹೇಳಲು ಅವರಿಗೆ ಆಗಲಿಲ್ಲ.

ಹಾಗಾದರೆ ಕೇಳಿಸಿದ್ದು ಸುಳ್ಳೇ?

ಸುಳ್ಳಲ್ಲ. ಹೊಸ ಕೇಬಲ್ ಹಾಕಿದ ಮೇಲೆ ವೀಣೆಯ ಮೀಟು ಸ್ಪಷ್ಟವಾಯಿತು ಎನ್ನುವವರು ಬೇಕೆಂದು ಹಾಗೆ ಹೇಳುತ್ತಿಲ್ಲ. ಅವರಿಗೆ ಹಾಗೆಯೇ ಅನ್ನಿಸಿರುತ್ತದೆ. ನಾವು ಕೇಳುವುದು ಕಿವಿಯಿಂದ ಮಾತ್ರವಲ್ಲ, ಮಿದುಳಿನಿಂದ ಕೂಡ. ಬೆಲೆ ಮತ್ತು ನಿರೀಕ್ಷೆ ಆ ಕೇಳುವಿಕೆಯಲ್ಲಿ ಸೇರಿಕೊಳ್ಳುತ್ತವೆ. ಹೊಸದನ್ನು ತಂದ ದಿನ ಗಮನ ಕೊಟ್ಟು ಕೇಳುತ್ತೇವೆ, ಹಾಗಾಗಿ ಮೊದಲು ಲಕ್ಷ್ಯಕ್ಕೆ ಬಾರದ್ದು ಈಗ ಬರುತ್ತದೆ. ಜೊತೆಗೆ, ಸದ್ದಿನ ಸೂಕ್ಷ್ಮ ವಿವರಗಳು ನೆನಪಿನಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಕೇಬಲ್ ಬದಲಿಸುವ ಹತ್ತು ನಿಮಿಷದಲ್ಲಿ ಹಳೆಯ ಸದ್ದು ಮಸುಕಾಗಿರುತ್ತದೆ.

ಕೆಲವೊಮ್ಮೆ ಬದಲಾವಣೆ ನಿಜವಾಗಿಯೂ ಆಗಿರಬಹುದು. ಹಳೆಯ ತಂತಿಯ ತುದಿ ಸಡಿಲವಾಗಿದ್ದರೆ, ಕಿಲುಬು ಹಿಡಿದಿದ್ದರೆ ಹೊಸ ಜೋಡಣೆಯಿಂದ ಸದ್ದು ಸುಧಾರಿಸುತ್ತದೆ. ಆದರೆ ಹಳೆಯ ತಂತಿಯನ್ನೇ ಬಿಚ್ಚಿ, ತುದಿಯನ್ನು ಕತ್ತರಿಸಿ, ಬಿಗಿಯಾಗಿ ಸಿಕ್ಕಿಸಿದ್ದರೂ ಇದೇ ಆಗುತ್ತಿತ್ತು.

ಕೇಬಲ್ ಮುಖ್ಯವಾಗುವುದು ಯಾವಾಗ?

ದೂರ ಹೆಚ್ಚಿದಾಗ. ಮಹಡಿಯ ಕೋಣೆಗೆ 20 ಮೀಟರ್ ದೂರ 0.5 ಸ್ಕ್ವೇರ್ ಎಂಎಂ ತಂತಿ ಎಳೆದರೆ ರೋಧ ಸುಮಾರು 1.4 ಓಮ್ ಆಗಿ, ಸದ್ದು 1.4 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಸ್ಪೀಕರ್‌ನ ಓಮ್ ಎಲ್ಲ ಸ್ವರಗಳಿಗೂ ಒಂದೇ ಆಗಿರದ ಕಾರಣ ಧ್ವನಿಯ ಗುಣವೂ ಸ್ವಲ್ಪ ಬದಲಾಗುತ್ತದೆ. ಅಲ್ಲಿ 2.5 ಸ್ಕ್ವೇರ್ ಎಂಎಂ ತಂತಿ ಹಾಕಿ. ಕೊಳ್ಳುವಾಗ ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಅಲ್ಲವೆಂದು ಖಚಿತಪಡಿಸಿಕೊಳ್ಳಿ. ಅದೇ ದಪ್ಪಕ್ಕೆ ಅದರ ರೋಧ ತಾಮ್ರಕ್ಕಿಂತ ಸಾಕಷ್ಟು ಹೆಚ್ಚು.

ರೆಕಾರ್ಡ್ ಪ್ಲೇಯರ್‌ನಿಂದ ಬರುವ ಸಂಕೇತ ತುಂಬಾ ದುರ್ಬಲ. ಹೊರಗಿನ 'ಗುಂಯ್' ಸದ್ದು ಅದರಲ್ಲಿ ಬೆರೆಯದಂತೆ ಕವಚವಿರುವ ಕೇಬಲ್ ಬೇಕು, ಆದರೆ ಅದು ದುಬಾರಿಯಾಗಿರಬೇಕಿಲ್ಲ. ಎಚ್‌ಡಿಎಂಐ, ಆಪ್ಟಿಕಲ್ ಮುಂತಾದ ಡಿಜಿಟಲ್ ಕೇಬಲ್ ಕೆಟ್ಟಿದ್ದರೆ ಸದ್ದು ಕಡಿದು ಕಡಿದು ಬರುತ್ತದೆ ಅಥವಾ ನಿಂತೇಹೋಗುತ್ತದೆ. ಬಾಸ್ ಮಾತ್ರ ಕಡಿಮೆಯಾಗುವುದಿಲ್ಲ. ಸ್ಪೀಕರ್‌ಗಳಲ್ಲಿ ಒಂದರ ಪ್ಲಸ್ ಮೈನಸ್ ಅದಲುಬದಲಾಗಿದ್ದರೆ ಮಾತ್ರ ಬಾಸ್ ನಿಜಕ್ಕೂ ಸೊರಗುತ್ತದೆ. ದುಬಾರಿ ಕೇಬಲ್ ತರುವ ಮುನ್ನ ಅದನ್ನೊಮ್ಮೆ ನೋಡಿ.

ಮನೆಯಲ್ಲೇ ಪರೀಕ್ಷಿಸಿ

ನಮ್ಮ ಮಾತನ್ನು ನಂಬಲೇಬೇಕಿಲ್ಲ. ದುಬಾರಿ ಕೇಬಲ್ ಕೊಳ್ಳುವುದೇ ಆದರೆ ವಾಪಸ್ ಕೊಡುವ ಅವಕಾಶವಿದೆಯೇ ಎಂದು ಮೊದಲೇ ಕೇಳಿ. ಮನೆಯವರೊಬ್ಬರು ನಿಮಗೆ ಕಾಣದಂತೆ ನಾಣ್ಯ ಚಿಮ್ಮಿ, ಅದು ಬಿದ್ದಂತೆ ಹಳೆಯ ಅಥವಾ ಹೊಸ ಕೇಬಲ್ ಜೋಡಿಸಲಿ. ವಾಲ್ಯೂಮ್ ಮುಟ್ಟಬಾರದು, ಹಾಡು ಒಂದೇ ಇರಲಿ, ಜೋಡಿಸಿದವರು ನಿಮ್ಮ ಮುಂದೆ ನಿಲ್ಲುವುದೂ ಬೇಡ. ಯಾವ ಕೇಬಲ್ ಎಂದು ಹತ್ತು ಸಲ ಬರೆದಿಡಿ. ಬರೀ ಊಹೆಯಿಂದ ಹತ್ತರಲ್ಲಿ ಒಂಬತ್ತೋ ಹತ್ತೋ ಸರಿಯಾಗುವ ಸಾಧ್ಯತೆ ಸುಮಾರು ಶೇ 1 ಮಾತ್ರ. ಅಷ್ಟು ಸರಿಯಾದರೆ ವ್ಯತ್ಯಾಸ ಇದೆಯೆಂದು ನಂಬಲು ಕಾರಣವಿದೆ. ಐದಾರು ಮಾತ್ರ ಸರಿಯಾದರೆ ಕೇಬಲ್ ವಾಪಸ್ ಕೊಟ್ಟು, ಆ ಹಣವನ್ನು ಇನ್ನೂ ಒಳ್ಳೆಯ ಸ್ಪೀಕರ್‌ಗೋ, ಕೋಣೆಯ ಪ್ರತಿಧ್ವನಿ ತಗ್ಗಿಸುವ ದಪ್ಪ ಪರದೆ, ಜಮಖಾನೆಗೋ ಬಳಸಿ. ಅಲ್ಲಿನ ವ್ಯತ್ಯಾಸ ಕಣ್ಣುಮುಚ್ಚಿ ಕುಳಿತರೂ ಗೊತ್ತಾಗುತ್ತದೆ.